ಹಿಮಾಲಯದ ಹೂಕಣಿವೆ: ವಿರಳ ಸಸ್ಯಗಳ ಹಾಗೂ ಹಿಮಸರೋವರಗಳ ಸಂರಕ್ಷಣೆ

ಪೀಠಿಕೆ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಕುಂಡಗಳಲ್ಲಿ, ಊರಿನ ಹಿತ್ತಿಲುಗಳಲ್ಲಿ, ಮಳೆಗಾಲದ ಒಂದು ಇರುಳು ಅರಳಿ ಬೆಳಗಾಗುವುದರೊಳಗೆ ಬಾಡಿಹೋಗುವ ದೊಡ್ಡ ಬಿಳಿಯ ಹೂವೊಂದಿದೆ. ನೆರೆಹೊರೆಯವರನ್ನೆಲ್ಲ ಕರೆದು ತೋರಿಸಿ, ಆರತಿ ಎತ್ತಿ ಪೂಜಿಸುವ ಈ ಹೂವನ್ನು ಬ್ರಹ್ಮಕಮಲವೆಂದು ಕರೆಯುವುದು ರೂಢಿ. ವಾಸ್ತವವಾಗಿ ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಕಳ್ಳಿಯ ಜಾತಿಯ ಸಸ್ಯ. ಒಂದು ಎಲೆಯನ್ನು ಮಣ್ಣಿನಲ್ಲಿ ಊರಿದರೂ ಚಿಗುರುವ ಈ ಗಿಡಕ್ಕೆ ಯಾವ ರಕ್ಷಣೆಯ ಅಗತ್ಯವೂ ಇಲ್ಲ.

ಹಿಮಾಲಯದ ಬ್ರಹ್ಮಕಮಲವಾದರೋ ಬೇರೆಯೇ ಸಸ್ಯ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಸಮುದ್ರಮಟ್ಟದಿಂದ ಸುಮಾರು 3,700 ಮೀಟರಿಗಿಂತ ಎತ್ತರದ ಕಲ್ಲುಬಂಡೆಗಳ ನಡುವೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದು ಹೂಬಿಡುತ್ತದೆ. ದೂರದಿಂದ ದಳಗಳಂತೆ ಕಾಣುವ ತೆಳುಹಳದಿ ಬಣ್ಣದ, ಕಾಗದದಂತಹ ಪೊರೆಗಳು ವಸ್ತುತಃ ದಳಗಳಲ್ಲ. ಒಳಗಿರುವ ನೇರಳೆ ಬಣ್ಣದ ಚಿಕ್ಕ ಹೂಗೊಂಚಲನ್ನು ಚಳಿ, ಗಾಳಿ, ಮಳೆಗಳಿಂದ ಕಾಪಾಡುವ ಹೊದಿಕೆಗಳವು. ಉತ್ತರಾಖಂಡ ರಾಜ್ಯದ ರಾಜ್ಯಪುಷ್ಪವಾಗಿರುವ ಈ ಹೂವನ್ನು ಕೇದಾರನಾಥ ಮತ್ತು ಬದರಿನಾಥಗಳಲ್ಲಿ ದೇವರಿಗೆ ಅರ್ಪಿಸುವ ಸಂಪ್ರದಾಯವಿದೆ. ಕೇದಾರನಾಥದ ರಾವಲರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರಾಗಿರುವುದರಿಂದ ಈ ಹೂವಿಗೂ ಕನ್ನಡ ನಾಡಿಗೂ ಬಹುಕಾಲದ ಪರಿಚಯವಿದೆಯೆನ್ನಬಹುದು.

ಹೆಸರು ಒಂದೇ ಆದರೂ ಈ ಎರಡು ಹೂಗಳ ಭವಿಷ್ಯ ಒಂದೇ ಅಲ್ಲ. ಮನೆಯಂಗಳದ ಹೂವನ್ನು ಕೊಯ್ದರೆ ಗಿಡ ಮತ್ತೆ ಹೂಬಿಡುತ್ತದೆ. ಎತ್ತರದ ಹಿಮಾಲಯದಲ್ಲಿ ಬೀಜ ಬಲಿಯುವ ಮೊದಲು ಹೂವನ್ನು ಕಿತ್ತರೆ ಮುಂದಿನ ಪೀಳಿಗೆಯನ್ನೇ ಕಿತ್ತಂತಾಗುತ್ತದೆ. ಇಂತಹ ನೂರಾರು ಸಸ್ಯಗಳಿಗೂ, ಅವುಗಳ ಮಗ್ಗುಲಲ್ಲಿರುವ ಹಿಮಸರೋವರಗಳಿಗೂ ಆಶ್ರಯವಾಗಿರುವ ನಂದಾದೇವಿ ಜೀವಗೋಳ ಮೀಸಲು ಪ್ರದೇಶದ ಪರಿಚಯ ಮತ್ತು ಅದರ ಸಂರಕ್ಷಣೆಯ ಸಮಸ್ಯೆಗಳ ವಿವೇಚನೆ ಈ ಪಾಠದ ಉದ್ದೇಶ.

ನೆಲೆ ಮತ್ತು ವಿಸ್ತಾರ

ನಂದಾದೇವಿ ಜೀವಗೋಳ ಮೀಸಲು ಪ್ರದೇಶವು ಮುಖ್ಯವಾಗಿ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿದ್ದು, ಪಿಥೋರಾಗಢ ಮತ್ತು ಬಾಗೇಶ್ವರ ಜಿಲ್ಲೆಗಳಿಗೂ ಚಾಚಿಕೊಂಡಿದೆ. ಭಾರತದ ಎರಡನೆಯ ಅತ್ಯುನ್ನತ ಶಿಖರವಾದ, 7,816 ಮೀಟರ್ ಎತ್ತರದ ನಂದಾದೇವಿ ಇದರ ಹೃದಯಭಾಗದಲ್ಲಿದೆ. ಜೀವಗೋಳ ಮೀಸಲು ಎಂದರೆ ಬೇಲಿ ಹಾಕಿ ಮುಚ್ಚಿಟ್ಟ ಅರಣ್ಯವೆಂದು ಅರ್ಥವಲ್ಲ. ಅದರಲ್ಲಿ ಪ್ರಕೃತಿಯನ್ನು ಅದರಷ್ಟಕ್ಕೆ ಬಿಡುವ ಕೇಂದ್ರ ವಲಯವಿರುತ್ತದೆ. ಅದರ ಸುತ್ತ ಜನವಸತಿ, ಬೇಸಾಯ ಮತ್ತು ಪಶುಪಾಲನೆಗಳು ನಿಯಮಬದ್ಧವಾಗಿ ನಡೆಯುವ ಅಂಚು ವಲಯವಿರುತ್ತದೆ. ಕೇಂದ್ರ ಮತ್ತು ಅಂಚುಗಳ ನಡುವಣ ಸಾಮರಸ್ಯವೇ ಈ ಯೋಜನೆಯ ತಿರುಳು. ನಮ್ಮ ದೇಶದಲ್ಲಿ 1986ರಲ್ಲಿ ಘೋಷಿತವಾದ ಮೊದಲ ಜೀವಗೋಳ ಮೀಸಲು ನೀಲಗಿರಿಯದು. ಕರ್ನಾಟಕದ ಬಂಡೀಪುರ ಮತ್ತು ನಾಗರಹೊಳೆ ಅರಣ್ಯಗಳು ಅದರಲ್ಲಿ ಸೇರಿವೆ. 1988ರಲ್ಲಿ ಘೋಷಿತವಾದ ನಂದಾದೇವಿ ಎರಡನೆಯದು.

ಇಲ್ಲಿನ ಕೇಂದ್ರ ವಲಯವು ಎರಡು ರಾಷ್ಟ್ರೀಯ ಉದ್ಯಾನಗಳಿಂದ ಕೂಡಿದೆ. ಒಂದು, ಕಡಿದಾದ ಪರ್ವತಗಳ ಕೋಟೆಯೊಳಗಿರುವ ನಂದಾದೇವಿ ರಾಷ್ಟ್ರೀಯ ಉದ್ಯಾನ. ಇನ್ನೊಂದು, ಅದರ ವಾಯವ್ಯ ದಿಕ್ಕಿನಲ್ಲಿ ಭ್ಯೂಂಡಾರ್ ಕಣಿವೆಯ ಮೇಲ್ಭಾಗದಲ್ಲಿರುವ, 87.5 ಚದರ ಕಿಲೋಮೀಟರ್ ವಿಸ್ತಾರದ ಹೂಕಣಿವೆ ರಾಷ್ಟ್ರೀಯ ಉದ್ಯಾನ. ಇವೆರಡೂ ಸೇರಿ ಸುಮಾರು 712 ಚದರ ಕಿಲೋಮೀಟರುಗಳಾಗುತ್ತವೆ. ಸುತ್ತಲಿನ ಅಂಚು ವಲಯವು ಐದು ಸಾವಿರ ಚದರ ಕಿಲೋಮೀಟರಿಗೂ ಅಧಿಕವಾಗಿದೆ.

ಬದರಿನಾಥಕ್ಕೆ ಹೋಗುವ ಹೆದ್ದಾರಿಯಲ್ಲಿ, ಜೋಶಿಮಠದಿಂದ ಮುಂದೆ ಗೋವಿಂದಘಾಟ್ ಎಂಬ ಊರು ಸಿಗುತ್ತದೆ. ಅಲ್ಲಿ ಅಲಕನಂದೆಯನ್ನು ದಾಟಿ ಪುಲನಾ ಗ್ರಾಮದ ಮೂಲಕ ಏರುತ್ತ ಹೋದರೆ ಸುಮಾರು 3,050 ಮೀಟರ್ ಎತ್ತರದಲ್ಲಿ ಘಾಂಘರಿಯಾ ಬಿಡದಿ ಇದೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಪುಷ್ಪಾವತಿ ನದಿಯ ಗುಂಟ ಹೂಕಣಿವೆಗೆ, ಮತ್ತೊಂದು ಕಡಿದಾದ ಏರಿನಲ್ಲಿ ಹೇಮಕುಂಡ ಸರೋವರಕ್ಕೆ ಹೋಗುತ್ತದೆ. ಕಣಿವೆಯ ತಲೆಯಲ್ಲಿರುವ ಟಿಪ್ರಾ ಹಿಮನದಿಯಿಂದ ಪುಷ್ಪಾವತಿಯೂ, ಹೇಮಕುಂಡದಿಂದ ಇಳಿದು ಬರುವ ತೊರೆಯೂ ಘಾಂಘರಿಯಾದ ಬಳಿ ಕೂಡಿ, ಮುಂದೆ ಗೋವಿಂದಘಾಟ್‌ನಲ್ಲಿ ಅಲಕನಂದೆಯನ್ನು ಸೇರುತ್ತವೆ. ಎಂದರೆ ಹೂಕಣಿವೆಯ ನೀರೂ ಹೇಮಕುಂಡದ ನೀರೂ ಕೊನೆಗೆ ಗಂಗೆಯ ನೀರೇ ಆಗಿವೆ.

ರಕ್ಷಣೆಯ ಇತಿಹಾಸ

1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಮತ್ತು ಅವರ ಸಂಗಡಿಗರು ಭ್ಯೂಂಡಾರ್ ಕಣಿವೆಯನ್ನು ಕಂಡು ಬೆರಗಾದರು. 1937ರಲ್ಲಿ ಮತ್ತೆ ಬಂದು ಸಸ್ಯಗಳನ್ನು ಸಂಗ್ರಹಿಸಿದ ಸ್ಮೈತ್ ಮರುವರ್ಷ ಪ್ರಕಟಿಸಿದ ಪುಸ್ತಕದಿಂದ ಈ ಕಣಿವೆಗೆ ಹೂಕಣಿವೆಯೆಂಬ ಹೆಸರು ಜಗತ್ತಿನಲ್ಲೆಲ್ಲ ಹರಡಿತು. 1939ರಲ್ಲಿ ಸಸ್ಯ ಸಂಗ್ರಹಕ್ಕಾಗಿ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬ ಮಹಿಳೆ ಇಲ್ಲಿಯ ಬಂಡೆಗಳಿಂದ ಜಾರಿ ಬಿದ್ದು ಮೃತಪಟ್ಟರು. ಅವರ ಸಮಾಧಿ ಕಣಿವೆಯಲ್ಲಿ ಇಂದಿಗೂ ಇದೆ. ಆದರೆ ಹೊರಗಿನವರು ಕಾಣುವುದಕ್ಕೆ ಮುಂಚೆ ಈ ಕಣಿವೆ ಯಾರಿಗೂ ತಿಳಿಯದೆ ಇತ್ತೆಂದು ಭಾವಿಸುವುದು ತಪ್ಪು. ಭ್ಯೂಂಡಾರ್ ಮತ್ತು ಪುಲನಾ ಗ್ರಾಮಗಳ ಜನರು ತಲೆಮಾರುಗಳಿಂದ ಬೇಸಗೆಯಲ್ಲಿ ತಮ್ಮ ಕುರಿ, ಆಡು, ದನಗಳನ್ನು ಇಲ್ಲಿಗೆ ಹೊಡೆದುಕೊಂಡು ಬರುತ್ತಿದ್ದರು.

ನಂದಾದೇವಿಯ ಒಳಾವರಣದ ಕತೆ ಮತ್ತಷ್ಟು ಬೋಧಪ್ರದವಾಗಿದೆ. ಋಷಿಗಂಗೆಯ ದುರ್ಗಮ ಕಮರಿಯ ಮೂಲಕ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ 1934ರಲ್ಲಿ ಒಳಾವರಣವನ್ನು ತಲುಪಿದರು. 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ಶಿಖರವನ್ನೇರಿದರು. 1939ರಲ್ಲಿ ಈ ಪ್ರದೇಶವನ್ನು ವನ್ಯಧಾಮವಾಗಿ ಘೋಷಿಸಲಾಯಿತು. 1974ರಲ್ಲಿ ವಿದೇಶಿ ಪರ್ವತಾರೋಹಿಗಳಿಗೆ ಪ್ರವೇಶ ದೊರೆತ ಮೇಲೆ ತಂಡಗಳ ಮೇಲೆ ತಂಡಗಳು ಬರತೊಡಗಿದವು. ಒಲೆ ಹಚ್ಚಲು ಭೂರ್ಜ ಮರಗಳನ್ನೂ ನೆಲಹಬ್ಬಿದ ಪೊದೆಗಳನ್ನೂ ಕಡಿಯಲಾಯಿತು. ಕಸ್ತೂರಿ ಮೃಗದ ಬೇಟೆ ಹೆಚ್ಚಿತು. ಡಬ್ಬಿ, ಬಾಟಲಿ, ಪ್ಲಾಸ್ಟಿಕ್‌ಗಳ ರಾಶಿಗಳು ಬಿಡಾರದ ತಾಣಗಳಲ್ಲಿ ಉಳಿದವು. ಯಾರೂ ಪ್ರವೇಶಿಸಲಾಗದ ತಾಣವೆಂದು ಹೆಸರಾಗಿದ್ದ ನೆಲ ಒಂದು ದಶಕವೂ ತುಂಬುವ ಮೊದಲೇ ಕಳೆಗುಂದಿತು. 1982ರಲ್ಲಿ ಇದನ್ನೂ ಹೂಕಣಿವೆಯನ್ನೂ ರಾಷ್ಟ್ರೀಯ ಉದ್ಯಾನಗಳನ್ನಾಗಿ ಘೋಷಿಸಿ, ನಂದಾದೇವಿಯ ಒಳಾವರಣಕ್ಕೆ ಪರ್ವತಾರೋಹಣವನ್ನು ನಿಲ್ಲಿಸಲಾಯಿತು. 1993ರಲ್ಲಿ ಭಾರತೀಯ ಸೇನೆಯ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ತಂಡವೊಂದು ಒಳಹೊಕ್ಕು ಅಧ್ಯಯನ ನಡೆಸಿತಲ್ಲದೆ, ಹಳೆಯ ಬಿಡಾರಗಳ ಕಸವನ್ನು ಹೊತ್ತು ಹೊರತಂದಿತು. ಹತ್ತು ವರ್ಷ ಕಳೆದರೂ ಆ ಕಸ ಕರಗದೆ ಉಳಿದಿತ್ತೆಂಬುದು ಗಮನಾರ್ಹ.

ನಂದಾದೇವಿ ರಾಷ್ಟ್ರೀಯ ಉದ್ಯಾನವನ್ನು 1988ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2004ರಲ್ಲಿ ಈ ಮೀಸಲು ಪ್ರದೇಶವು ಜೀವಗೋಳ ಮೀಸಲುಗಳ ವಿಶ್ವಜಾಲಕ್ಕೆ ಸೇರಿತು. 2005ರಲ್ಲಿ ಹೂಕಣಿವೆಯೂ ವಿಶ್ವಪರಂಪರೆಯ ತಾಣದ ಅಂಗವಾಯಿತು.

ಸಸ್ಯಗಳು ವಿರಳವಾಗುವುದೇಕೆ?

ಸುಮಾರು 3,500 ಮೀಟರ್ ಎತ್ತರ ದಾಟಿದ ಮೇಲೆ ಮರಗಳು ಬೆಳೆಯುವುದಿಲ್ಲ. ಅಲ್ಲಿಂದ ಮೇಲೆ ಹಿಮರೇಖೆಯವರೆಗೆ ಹುಲ್ಲು ಮತ್ತು ಹೂಗಿಡಗಳ ಬಯಲುಗಳಿರುತ್ತವೆ. ಗಢವಾಲಿನಲ್ಲಿ ಇವಕ್ಕೆ ಬುಗ್ಯಾಲ್ ಎನ್ನುತ್ತಾರೆ. ಹೂಕಣಿವೆಯೊಂದರಲ್ಲಿಯೇ 500ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಬ್ರಹ್ಮಕಮಲ, ಅರಳೆಯಂತಹ ತುಪ್ಪಳದಿಂದ ಮೈಮುಚ್ಚಿಕೊಂಡ ಫೇನಕಮಲ, ಮುಳ್ಳುಗಳುಳ್ಳ ನೀಲಿ ಗಸಗಸೆ ಹೂ, ನೆಲದ ಆರ್ಕಿಡ್‌ಗಳು ಇವುಗಳಲ್ಲಿ ಮುಖ್ಯವಾದವು.

ಇಲ್ಲಿನ ಕೆಲವು ಗಿಡಗಳನ್ನು ನೋಡದವರೂ ಅವುಗಳ ಬೇರುಗಳನ್ನು ಬಲ್ಲರು. ಗ್ರಂದಿಗೆ ಅಂಗಡಿಗಳಲ್ಲಿ ದೊರೆಯುವ ಜಟಾಮಾಂಸಿ, ಅತಿವಿಷ, ಕಟುಕರೋಹಿಣಿಗಳು ಎತ್ತರದ ಹಿಮಾಲಯದ ಸಸ್ಯಗಳು. ಕೂದಲೆಣ್ಣೆಗೆ ಹಾಕುವ ಜಟಾಮಾಂಸಿಯೂ, ಎಳೆಯ ಮಕ್ಕಳಿಗೆ ತೇಯ್ದು ಕೊಡುವ ಅತಿವಿಷದ ಬೇರೂ ದಕ್ಷಿಣದ ಯಾವ ಕಾಡಿನಲ್ಲಿಯೂ ಬೆಳೆಯುವುದಿಲ್ಲ. ಆದುದರಿಂದ ಹಿಮಾಲಯದ ಸಸ್ಯಸಂಪತ್ತಿನ ಅಳಿವು ಉಳಿವುಗಳು ಅಲ್ಲಿಯ ಜನರಿಗೆ ಮಾತ್ರ ಸಂಬಂಧಿಸಿದವೆಂದು ಹೇಳಲಾಗದು.

ಈ ಸಸ್ಯಗಳು ವಿರಳವಾಗಲು ಕಾರಣಗಳು ಹಲವು. ಮೊದಲನೆಯದು ಕಾಲಾವಕಾಶದ ಕೊರತೆ. ವರ್ಷದ ಏಳೆಂಟು ತಿಂಗಳು ನೆಲ ಹಿಮದಡಿಯಲ್ಲಿ ಇರುತ್ತದೆ. ಉಳಿದ ನಾಲ್ಕೈದು ತಿಂಗಳಲ್ಲಿಯೇ ಗಿಡ ಚಿಗುರಿ, ಹೂಬಿಟ್ಟು, ಬೀಜ ಬಲಿತು, ಮುಂದಿನ ಚಳಿಗಾಲಕ್ಕೆ ಬೇಕಾದ ಆಹಾರವನ್ನು ಬೇರಿನಲ್ಲಿ ಕೂಡಿಟ್ಟುಕೊಳ್ಳಬೇಕು. ಹೀಗಾಗಿ ಬೆಳವಣಿಗೆ ಬಹು ನಿಧಾನ. ಬೀಜದಿಂದ ಹುಟ್ಟಿದ ಗಿಡದ ಬೇರು ಔಷಧಕ್ಕೆ ಯೋಗ್ಯವಾಗಿ ಬಲಿಯಲು ಹಲವಾರು ವರ್ಷಗಳು ಹಿಡಿಯುತ್ತವೆ. ಎರಡನೆಯದಾಗಿ, ಔಷಧಗುಣವಿರುವುದು ಬಹುಪಾಲು ಬೇರು ಮತ್ತು ಗೆಡ್ಡೆಗಳಲ್ಲಿ. ಎಲೆ ಕೊಯ್ದರೆ ಗಿಡ ಬದುಕೀತು. ಬೇರು ಅಗೆದರೆ ಗಿಡವೇ ಇಲ್ಲವಾಗುತ್ತದೆ. ಮೂರನೆಯದಾಗಿ, ಬೆಲೆಯ ಆಸೆಯಿಂದ ಬೀಜ ಉದುರುವ ಮೊದಲೇ ಅಗೆಯುವ ಪೈಪೋಟಿ ಹುಟ್ಟುತ್ತದೆ. ತಾನು ಬಿಟ್ಟ ಗಿಡವನ್ನು ನಾಳೆ ಬೇರೊಬ್ಬ ಕೀಳುತ್ತಾನೆಂಬ ಭಯವೇ ಈ ಆತುರಕ್ಕೆ ಮೂಲ. ನಾಲ್ಕನೆಯದು ಮಣ್ಣು. ಬಂಡೆಗಳ ಮೇಲೆ ಹರಡಿದ ತೆಳ್ಳನೆಯ ಮಣ್ಣಿನ ಪದರ ರೂಪುಗೊಳ್ಳಲು ಶತಮಾನಗಳು ಬೇಕು. ಗೆಡ್ಡೆ ಅಗೆದ ಗುಂಡಿಯಲ್ಲಿ ಮಳೆನೀರು ಹರಿದು ಆ ಮಣ್ಣು ಕೊಚ್ಚಿಹೋದರೆ ಬೀಜ ಬಿದ್ದರೂ ಮೊಳೆಯಲು ನೆಲವಿರುವುದಿಲ್ಲ.

ಇದರ ಪರಿಣಾಮವಾಗಿ ಜಟಾಮಾಂಸಿಯು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ತೀವ್ರ ವಿನಾಶದಂಚಿನ ಸಸ್ಯವೆಂದೂ, ಅತಿವಿಷವು ವಿನಾಶದಂಚಿನ ಸಸ್ಯವೆಂದೂ ದಾಖಲಾಗಿವೆ. ಜಟಾಮಾಂಸಿ ಮತ್ತು ಕಟುಕರೋಹಿಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 1997ರಿಂದ ಜಾಗತಿಕ ಒಪ್ಪಂದದ ಮೂಲಕ ನಿಯಂತ್ರಿಸಲಾಗಿದೆ.

ಹಿಂದಿನವರು ಈ ಅಪಾಯವನ್ನು ಅರಿಯದವರಲ್ಲ. ಭಾದ್ರಪದ ಮಾಸದ ನಂದಾಷ್ಟಮಿಗೆ ಮುಂಚೆ ಬ್ರಹ್ಮಕಮಲವನ್ನು ಕೀಳಬಾರದೆಂಬ ಕಟ್ಟಳೆ ಗಢವಾಲಿನ ಹಳ್ಳಿಗಳಲ್ಲಿದೆ. ಬುಗ್ಯಾಲುಗಳಲ್ಲಿ ಗದ್ದಲ ಮಾಡಬಾರದೆಂಬ ನಂಬಿಕೆಯೂ ಇದೆ. ನಂದಾಷ್ಟಮಿಯ ಹೊತ್ತಿಗೆ ಮೊದಲು ಅರಳಿದ ಹೂಗಳು ಬೀಜಕಟ್ಟುವುದಕ್ಕೆ ಅವಕಾಶ ದೊರೆತಿರುತ್ತದೆ. ಭಕ್ತಿಯ ರೂಪದಲ್ಲಿದ್ದ ಈ ನಿಯಮ ಸಸ್ಯವಿಜ್ಞಾನಕ್ಕೂ ಸಮ್ಮತವಾಗಿದೆ. ಇಂದು ಯಾತ್ರಾಕಾಲದುದ್ದಕ್ಕೂ ಹೂವಿಗೆ ಬೇಡಿಕೆಯಿರುವುದರಿಂದ ಆ ಕಟ್ಟಳೆ ಸಡಿಲಗೊಂಡಿದೆ.

ಹಿಮಸರೋವರಗಳು

ಹೇಮಕುಂಡವು ಹಿಮನದಿಗಳು ಕೊರೆದ ಬೋಗುಣಿಯಲ್ಲಿ ಕರಗಿದ ಹಿಮ ತುಂಬಿ ಆದ ಸರೋವರ. ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿರುವ ಈ ನೀರಿನ ದಂಡೆಯಲ್ಲಿ ಸಿಖ್ಖರ ಹತ್ತನೆಯ ಗುರು ಗೋವಿಂದ ಸಿಂಹರ ಸ್ಮರಣೆಯ ಗುರುದ್ವಾರವೂ, ಲಕ್ಷ್ಮಣನ ಗುಡಿಯೂ ಇವೆ. ಬೇಸಗೆಯ ಕೆಲವೇ ತಿಂಗಳು ತೆರೆದಿರುವ ಈ ಕ್ಷೇತ್ರಕ್ಕೆ ದೇಶದ ಎಲ್ಲ ಕಡೆಗಳಿಂದ ಲಕ್ಷಾಂತರ ಯಾತ್ರಿಕರು ಬರುತ್ತಾರೆ. ಕೊರೆಯುವ ನೀರಿನಲ್ಲಿ ಮಿಂದು, ಲಂಗರಿನಲ್ಲಿ ಬಿಸಿ ಊಟ ಮಾಡಿ, ಕತ್ತಲಾಗುವ ಮೊದಲು ಕೆಳಗಿಳಿಯುತ್ತಾರೆ.

ಬಯಲುಸೀಮೆಯ ಕೆರೆಗೂ ಹಿಮಸರೋವರಕ್ಕೂ ಮುಖ್ಯವಾದೊಂದು ಭೇದವಿದೆ. ಬೆಚ್ಚಗಿನ ನೀರಿನಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ಬೇಗನೆ ಕರಗಿಸುತ್ತವೆ. ಹೆಪ್ಪುಗಟ್ಟುವ ಮಟ್ಟದ ನೀರಿನಲ್ಲಿ ಆ ಕ್ರಿಯೆ ಅತಿ ಮಂದವಾಗಿರುತ್ತದೆ. ಸಾಬೂನು, ಎಣ್ಣೆ, ಅನ್ನದ ತುಣುಕು, ಬಟ್ಟೆ, ಪ್ಲಾಸ್ಟಿಕ್ ಇವು ವರ್ಷಗಟ್ಟಲೆ ಉಳಿಯುತ್ತವೆ. ನೀರಿಗೆ ಸೇರಿದ ಪೋಷಕಾಂಶಗಳಿಂದ ಪಾಚಿ ಬೆಳೆದು ಸ್ವಚ್ಛ ನೀರಿನ ಸ್ವಭಾವವೇ ಬದಲಾಗುತ್ತದೆ. ದಾರಿಯುದ್ದಕ್ಕೂ ಬೀಳುವ ಹೇಸರಗತ್ತೆಗಳ ಲದ್ದಿಯೂ ಮಳೆಯಲ್ಲಿ ತೊಳೆದು ತೊರೆಗಳನ್ನು ಸೇರುತ್ತದೆ. ಇಲ್ಲಿಂದ ಹರಿದುಹೋಗುವ ನೀರನ್ನು ಕೆಳಗಿನ ಹಳ್ಳಿಗಳವರು ಕುಡಿಯುತ್ತಾರೆಂಬುದನ್ನು ಮರೆಯುವಂತಿಲ್ಲ.

ಇದೇ ಚಮೋಲಿ ಜಿಲ್ಲೆಯಲ್ಲಿ ತ್ರಿಶೂಲ ಪರ್ವತದ ತಪ್ಪಲಿನ ರೂಪಕುಂಡವೆಂಬ ಪುಟ್ಟ ಸರೋವರ ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. ಸುಮಾರು ಐದು ಸಾವಿರ ಮೀಟರ್ ಎತ್ತರದ ಇದರ ದಂಡೆಯಲ್ಲಿ ನೂರಾರು ಮನುಷ್ಯರ ಅಸ್ಥಿಗಳಿವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 38 ಜನರ ಅವಶೇಷಗಳ ಆನುವಂಶಿಕ ಪರೀಕ್ಷೆ ನಡೆಸಿದಾಗ, ಅವರೆಲ್ಲರೂ ಒಂದೇ ದುರಂತದಲ್ಲಿ ಸತ್ತವರಲ್ಲವೆಂದೂ, ದಕ್ಷಿಣ ಏಷ್ಯಾದವರ ಜತೆಗೆ ಪೂರ್ವ ಮೆಡಿಟರೇನಿಯನ್ ಪ್ರದೇಶದ ಮೂಲದವರೂ ಇದ್ದರೆಂದೂ, ಇವರ ಮರಣಗಳ ನಡುವೆ ಸಾವಿರ ವರ್ಷಗಳಷ್ಟು ಅಂತರವಿದೆಯೆಂದೂ ತಿಳಿದುಬಂತು. ಆದರೆ ವರ್ಷಗಳಿಂದ ಬಂದ ಚಾರಣಿಗರು ಅಸ್ಥಿಗಳನ್ನು ಕದಲಿಸಿ, ಕೆಲವನ್ನು ನೆನಪಿಗೆಂದು ಒಯ್ದಿರುವುದರಿಂದ ಅನೇಕ ಸುಳಿವುಗಳು ಶಾಶ್ವತವಾಗಿ ನಷ್ಟವಾಗಿವೆ. 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಸಂದರ್ಶಕರ ಸಂಖ್ಯೆಗೆ ಮಿತಿ ಹಾಕಿತು.

ಎತ್ತರದ ಸರೋವರಗಳನ್ನು ಜೌಗು ಪ್ರದೇಶಗಳೆಂದು ಪರಿಗಣಿಸಿ ಕಾಪಾಡುವ ಕ್ರಮವೂ ಇದೆ. ಲಡಾಖಿನ ತ್ಸೊ ಮೊರಿರಿ 2002ರಲ್ಲಿ, ಹಿಮಾಚಲ ಪ್ರದೇಶದ ಚಂದ್ರತಾಲ್ 2005ರಲ್ಲಿ, ಲಡಾಖಿನ ತ್ಸೊ ಕಾರ್ 2020ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿದವು. ಕರ್ನಾಟಕದ ರಂಗನತಿಟ್ಟು 2022ರಲ್ಲಿ ಸೇರಿದ್ದು ಇದೇ ಪಟ್ಟಿಗೆ.

ಮೇಯಿಸುವಿಕೆಯ ನಿಷೇಧ: ಒಂದು ಚರ್ಚೆ

1982ರಲ್ಲಿ ಹೂಕಣಿವೆಯು ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ಜಾನುವಾರುಗಳನ್ನು ಮೇಯಿಸುವುದನ್ನು ಸಂಪೂರ್ಣವಾಗಿ ನಿಲ್ಲಿಸಲಾಯಿತು. ಕುರಿಮಂದೆಗಳ ತುಳಿತ ತಪ್ಪಿದರೆ ಹೂಗಳು ಹೆಚ್ಚಾಗುವುವೆಂಬುದು ಸಹಜವಾದ ನಿರೀಕ್ಷೆಯಾಗಿತ್ತು. ಕೆಲವು ವರ್ಷಗಳ ಬಳಿಕ ಅನಿರೀಕ್ಷಿತವಾದ ಸಂಗತಿಯೊಂದು ಕಂಡುಬಂತು. ಸ್ಥಳೀಯವಾಗಿ ಅಮೇಲಾ ಎಂದು ಕರೆಯಲಾಗುವ, ಆಳೆತ್ತರಕ್ಕೆ ಒತ್ತಾಗಿ ಬೆಳೆಯುವ ಗಿಡವೊಂದು ಕಣಿವೆಯ ದೊಡ್ಡ ಭಾಗವನ್ನು ಆಕ್ರಮಿಸತೊಡಗಿತು. ಅದರ ನೆರಳಿನಲ್ಲಿ ನೆಲಕ್ಕಂಟಿ ಬೆಳೆಯುವ ಚಿಕ್ಕ ಹೂಗಿಡಗಳಿಗೆ ಬಿಸಿಲು ಸಿಗದಾಯಿತು.

ಇದಕ್ಕೆ ಮೇಯಿಸುವಿಕೆಯ ನಿಷೇಧವೇ ಕಾರಣವೆಂದು ಕೆಲವರು ವಾದಿಸಿದರು. ಕುರಿಗಳು ಎಳೆಯ ಗಿಡಗಳನ್ನು ಮೇದು, ತುಳಿದು ಹತೋಟಿಯಲ್ಲಿಡುತ್ತಿದ್ದವೆಂಬುದು ಅವರ ಅಭಿಪ್ರಾಯ. ಭೂಕುಸಿತವಾದ ಇಳಿಜಾರುಗಳಲ್ಲಿ ಮತ್ತು ಹಿಂದೆ ಮಂದೆಗಳು ತಂಗಿ ಗೊಬ್ಬರ ತುಂಬಿದ ತಾಣಗಳಲ್ಲಿ ಈ ಗಿಡ ಮೊದಲು ಬೇರೂರುತ್ತದೆ, ಆದುದರಿಂದ ಹಳೆಯ ಅತಿಮೇಯಿಸುವಿಕೆಯ ಫಲವೇ ಇದು ಎಂಬುದು ಇನ್ನು ಕೆಲವರ ವಾದ. ಚರ್ಚೆ ಹೇಗೇ ಇರಲಿ, ಅರಣ್ಯ ಇಲಾಖೆಯು ಈ ಗಿಡವನ್ನು ಬೀಜಕಟ್ಟುವ ಮೊದಲು ಕೀಳಿಸುವ ಕೆಲಸವನ್ನು ಕೈಗೊಂಡಿದೆ. ಪ್ರಕೃತಿಯನ್ನು ಕಾಪಾಡಲು ಬಾಗಿಲು ಮುಚ್ಚಿದರಷ್ಟೇ ಸಾಲದು, ಮುಚ್ಚಿದ ಬಾಗಿಲಿನ ಹಿಂದೆ ಏನಾಗುತ್ತಿದೆಯೆಂಬುದನ್ನು ಸತತವಾಗಿ ನೋಡುತ್ತಿರಬೇಕು ಎಂಬುದು ಇದರಿಂದ ವಿದಿತವಾಗುತ್ತದೆ.

ಸ್ಥಳೀಯ ಜನರ ಪಾತ್ರ

ಅಂಚು ವಲಯದ ಗ್ರಾಮಗಳಲ್ಲಿ ಭೋಟಿಯಾ ಜನರು ಹೆಚ್ಚಾಗಿದ್ದಾರೆ. ಟಿಬೆಟ್ಟಿನೊಡನೆ ನಡೆಯುತ್ತಿದ್ದ ವ್ಯಾಪಾರ 1962ರ ಯುದ್ಧದ ನಂತರ ನಿಂತುಹೋದಾಗ ಅವರು ಜೀವನಾಧಾರದ ದೊಡ್ಡ ಭಾಗವನ್ನು ಕಳೆದುಕೊಂಡರು. ಈ ವಲಯದ ರೈಣಿ ಗ್ರಾಮದಲ್ಲಿಯೇ 1974ರ ಮಾರ್ಚ್ 26ರಂದು ಗೌರಾದೇವಿಯವರ ನೇತೃತ್ವದಲ್ಲಿ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ಹಿಂದೆ ಕಳುಹಿಸಿದರು. ಚಿಪ್ಕೊ ಚಳವಳಿಯ ಸ್ಮರಣೀಯ ಘಟನೆಯಿದು. ಈ ಚಳವಳಿಯ ಪ್ರೇರಣೆಯಿಂದಲೇ 1983ರಲ್ಲಿ ಉತ್ತರ ಕನ್ನಡದ ಶಿರಸಿಯ ಸಮೀಪದ ಸಾಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಆರಂಭವಾಯಿತು.

ಕಾಡನ್ನು ಉಳಿಸಿದ ಅದೇ ಸೀಮೆಯ ಜನರು 1982ರ ನಂತರ ತಮ್ಮ ಬೇಸಗೆಯ ಹುಲ್ಲುಗಾವಲನ್ನೂ, ಪರ್ವತಾರೋಹಿಗಳ ಹೊರೆ ಹೊತ್ತು, ದಾರಿ ತೋರಿಸಿ ಗಳಿಸುತ್ತಿದ್ದ ಆದಾಯವನ್ನೂ ಕಳೆದುಕೊಂಡರು. ರಕ್ಷಣೆಯ ಲಾಭ ದೇಶಕ್ಕೆಲ್ಲ ದೊರೆತರೆ ಅದರ ನಷ್ಟ ಕೆಲವೇ ಹಳ್ಳಿಗಳ ಪಾಲಾಯಿತು. ಈ ಅಸಮಾಧಾನವು 1998ರಲ್ಲಿ ಲಾತಾ ಮೊದಲಾದ ಗ್ರಾಮಗಳವರು ಕೇಂದ್ರ ವಲಯವನ್ನು ಪ್ರವೇಶಿಸಿ ತಮ್ಮ ಪಾರಂಪರಿಕ ಹಕ್ಕನ್ನು ಪ್ರತಿಪಾದಿಸಿದ ಚಳವಳಿಯಾಗಿ ವ್ಯಕ್ತವಾಯಿತು. 2001ರ ಅಕ್ಟೋಬರ್‌ನಲ್ಲಿ ಆ ಜನರೇ ಕೂಡಿ, ಜೀವವೈವಿಧ್ಯದ ರಕ್ಷಣೆ ಮತ್ತು ಪರಿಸರಸ್ನೇಹಿ ಪ್ರವಾಸೋದ್ಯಮಗಳನ್ನು ತಾವೇ ಹೊತ್ತು ನಡೆಸುವ ಸಂಕಲ್ಪವನ್ನು ನಂದಾದೇವಿ ಘೋಷಣೆಯ ಮೂಲಕ ಪ್ರಕಟಿಸಿದರು. ತರುವಾಯ ನಂದಾದೇವಿ ಉದ್ಯಾನದ ಹೊರಸುತ್ತಿನ ದಾರಿಯೊಂದರಲ್ಲಿ ಸ್ಥಳೀಯ ಮಾರ್ಗದರ್ಶಿಗಳೊಡನೆ ಸೀಮಿತ ಸಂಖ್ಯೆಯ ಚಾರಣಿಗರಿಗೆ ಅನುಮತಿ ನೀಡಲಾಯಿತು.

ಹೂಕಣಿವೆ ಮತ್ತು ಹೇಮಕುಂಡಗಳ ದಾರಿಯಲ್ಲಿ ಭ್ಯೂಂಡಾರ್ ಗ್ರಾಮಸ್ಥರ ಪರಿಸರ ಅಭಿವೃದ್ಧಿ ಸಮಿತಿಯು ಅರಣ್ಯ ಇಲಾಖೆಯ ಸಹಯೋಗದಲ್ಲಿ ಕಸ ಹೆಕ್ಕುವ, ಅದನ್ನು ಕೆಳಗೆ ಸಾಗಿಸುವ, ದಾರಿಯನ್ನು ಶುಚಿಯಾಗಿಡುವ ಕೆಲಸವನ್ನು ನಡೆಸಿಕೊಂಡು ಬಂದಿದೆ. ಒಂದು ಕಾಲಕ್ಕೆ ಮಂದೆ ಮೇಯಿಸುತ್ತಿದ್ದ ಮನೆಗಳ ಮಕ್ಕಳು ಇಂದು ಹೂಗಳ ಹೆಸರು ಹೇಳಿ ದಾರಿ ತೋರಿಸುತ್ತಾರೆ. ಕಣಿವೆ ಉಳಿದರೆ ತಮ್ಮ ಜೀವನ ನಡೆಯುತ್ತದೆಂಬ ಭರವಸೆ ಜನರಿಗೆ ಬಂದಾಗ ಮಾತ್ರ ಕಾವಲುಗಾರರಿಲ್ಲದ ಕಡೆಯಲ್ಲಿಯೂ ಸಸ್ಯಗಳು ಉಳಿಯುತ್ತವೆ.

ಪ್ರಕೃತಿ ವಿಕೋಪಗಳು

2013ರ ಜೂನ್ ತಿಂಗಳಿನ ಮಹಾಮಳೆಯಲ್ಲಿ ಕೇದಾರನಾಥದಂತೆಯೇ ಭ್ಯೂಂಡಾರ್ ಕಣಿವೆಯೂ ತತ್ತರಿಸಿತು. ಮನೆಗಳು, ಸೇತುವೆಗಳು, ಕಾಲ್ದಾರಿಗಳು ಕೊಚ್ಚಿಹೋದವು. ದಾರಿಯನ್ನು ಹೊಸದಾಗಿ ನಿರ್ಮಿಸಬೇಕಾಯಿತು. 2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಇಳಿಜಾರಿನಿಂದ ಸುಮಾರು 2.7 ಕೋಟಿ ಘನಮೀಟರ್ ಬಂಡೆ ಮತ್ತು ಮಂಜುಗಡ್ಡೆ ಕುಸಿದು, ಋಷಿಗಂಗಾ ಮತ್ತು ಧೌಲಿಗಂಗಾ ನದಿಗಳಲ್ಲಿ ಪ್ರವಾಹವಾಗಿ ನುಗ್ಗಿತು. ಇನ್ನೂರಕ್ಕೂ ಹೆಚ್ಚು ಜನರು ಮೃತಪಟ್ಟರು ಅಥವಾ ಕಾಣೆಯಾದರು. ಎರಡು ಜಲವಿದ್ಯುತ್ ಯೋಜನೆಗಳಿಗೆ ಭಾರಿ ಹಾನಿಯಾಯಿತು. ಗೌರಾದೇವಿಯವರ ರೈಣಿ ಗ್ರಾಮವೂ ಅಪಾಯಕ್ಕೊಳಗಾಯಿತು.

ವಾತಾವರಣದ ಉಷ್ಣತೆ ಏರುತ್ತಿರುವುದರಿಂದ ಹಿಮಾಲಯದ ಹಿಮನದಿಗಳು ಹಿಂದೆ ಸರಿಯುತ್ತಿವೆ. ತಂಪಿಗೆ ಹೊಂದಿಕೊಂಡ ಸಸ್ಯಗಳು ಇನ್ನಷ್ಟು ಎತ್ತರಕ್ಕೆ ಸರಿಯಬೇಕಾಗುತ್ತದೆ. ಆದರೆ ಪರ್ವತವು ಮೇಲೇರಿದಂತೆ ಕಿರಿದಾಗುತ್ತ ಹೋಗುತ್ತದೆ. ಶಿಖರದ ಬಂಡೆಯನ್ನು ತಲುಪಿದ ಸಸ್ಯಕ್ಕೆ ಮುಂದೆ ಹೋಗಲು ನೆಲೆಯಿಲ್ಲ.

ಕಾನೂನು, ಸಂಶೋಧನೆ ಮತ್ತು ಬೇಸಾಯ

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 1991ರಲ್ಲಿ ತಂದ ತಿದ್ದುಪಡಿಯಿಂದ ನಿರ್ದಿಷ್ಟ ಸಸ್ಯಗಳನ್ನು ಕೀಳುವುದು, ಮಾರುವುದು ದಂಡನೀಯವಾಯಿತು. ಹಿಮಾಲಯದ ಕೋಷ್ಠವು ಆಗಲೇ ಆ ಪಟ್ಟಿಯಲ್ಲಿ ಸೇರಿತ್ತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ಪುನರ್‌ರಚಿಸಿದೆ. ರಾಷ್ಟ್ರೀಯ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಯಾವ ಗಿಡವನ್ನೂ ಕೀಳುವಂತಿಲ್ಲ. 2002ರ ಜೀವವೈವಿಧ್ಯ ಅಧಿನಿಯಮವು ಜೈವಿಕ ಸಂಪನ್ಮೂಲಗಳ ಬಳಕೆಯಿಂದ ಬರುವ ಲಾಭದಲ್ಲಿ ಸ್ಥಳೀಯ ಜನರಿಗೆ ಪಾಲು ದೊರೆಯಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ.

ಬೇಡಿಕೆ ಇರುವ ತನಕ ನಿಷೇಧವೊಂದರಿಂದಲೇ ಸಸ್ಯಗಳು ಉಳಿಯಲಾರವು. ಬೇಕಾದ ಬೇರನ್ನು ಕಾಡಿನಿಂದ ಕೀಳುವ ಬದಲು ಹೊಲದಲ್ಲಿ ಬೆಳೆಯುವುದು ಇದಕ್ಕೆ ಸರಿಯಾದ ಪರಿಹಾರ. ಗಢವಾಲ್ ವಿಶ್ವವಿದ್ಯಾಲಯದ ಎತ್ತರ ಪ್ರದೇಶದ ಸಸ್ಯಗಳ ಸಂಶೋಧನಾ ಕೇಂದ್ರವು ತುಂಗನಾಥದ ತನ್ನ ಪ್ರಯೋಗಕ್ಷೇತ್ರದಲ್ಲಿ ಅತಿವಿಷ, ಕಟುಕರೋಹಿಣಿ ಮೊದಲಾದವುಗಳ ಸಸಿ ಬೆಳೆಸುವ ಕ್ರಮಗಳನ್ನು ರೂಪಿಸಿದೆ. ಬದರಿನಾಥದ ಬಳಿಯ ಮಾಣಾ ಗ್ರಾಮದಲ್ಲಿ 2021ರಲ್ಲಿ ಉತ್ತರಾಖಂಡ ಅರಣ್ಯ ಇಲಾಖೆಯ ಸಂಶೋಧನಾ ವಿಭಾಗವು ಎತ್ತರದ ಔಷಧಿವನವನ್ನು ಆರಂಭಿಸಿದೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ರೈತರು ದಶಕಗಳಿಂದ ಕೋಷ್ಠವನ್ನು ಬೆಳೆಯುತ್ತ ಬಂದಿದ್ದಾರೆ. ಔಷಧ ಕೊಳ್ಳುವವರು ಬೇಸಾಯದಿಂದ ಬಂದ ಬೇರಿಗೆ ಬೆಲೆಕೊಟ್ಟರೆ ಪರ್ವತದ ರೈತನಿಗೆ ಆದಾಯ, ಪರ್ವತದ ಸಸ್ಯಕ್ಕೆ ಬಿಡುವು, ಎರಡೂ ದೊರೆಯುತ್ತವೆ.

ಹೆಚ್ಚಲಿರುವ ಹೊಣೆ

ಗೋವಿಂದಘಾಟ್‌ನಿಂದ ಹೇಮಕುಂಡದವರೆಗೆ 12.4 ಕಿಲೋಮೀಟರ್ ಉದ್ದದ ರಜ್ಜುಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟವು 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದೆ. ವೃದ್ಧರಿಗೂ ಅಶಕ್ತರಿಗೂ ಇದರಿಂದ ಅನುಕೂಲವಾಗಲಿದೆ. ಹೇಸರಗತ್ತೆಗಳ ಸಂಚಾರವೂ ಕಡಿಮೆಯಾಗಬಹುದು. ದಿನವೊಂದಕ್ಕೆ 11,000 ಯಾತ್ರಿಕರನ್ನು ಸಾಗಿಸುವ ಸಾಮರ್ಥ್ಯವನ್ನು ಉದ್ದೇಶಿಸಲಾಗಿದೆ. ಇದುವರೆಗೆ ಕಡಿದಾದ ಏರುದಾರಿಯೇ ಜನಸಂದಣಿಗೆ ಮಿತಿ ಹಾಕುತ್ತಿತ್ತು. ಆ ಮಿತಿ ಇಲ್ಲವಾದಾಗ ಕಸ, ಶೌಚ, ನೀರು ಇವುಗಳ ವ್ಯವಸ್ಥೆಯು ಜನಸಂಖ್ಯೆಗಿಂತ ಮುಂದೆ ಇರಬೇಕೇ ಹೊರತು ಹಿಂದೆ ಬೀಳಬಾರದು. ಸರೋವರವು ಎಷ್ಟು ಜನರನ್ನು ತಾಳಿಕೊಳ್ಳಬಲ್ಲುದೆಂಬ ಲೆಕ್ಕವನ್ನು ಬಂಡಿಯ ಸಾಮರ್ಥ್ಯ ನಿರ್ಧರಿಸಲಾರದು.

ಸಂದರ್ಶಕರು ಪಾಲಿಸಬೇಕಾದ ನಿಯಮಗಳು

ಹೂಕಣಿವೆಯು ಸಾಮಾನ್ಯವಾಗಿ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಹೂಗಳು ಹೇರಳವಾಗಿರುವುದು ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ. ಅದು ಮಳೆಗಾಲವೂ ಆಗಿರುವುದರಿಂದ ಭೂಕುಸಿತದ ಮುನ್ಸೂಚನೆಗಳನ್ನು ಗಮನಿಸಿ ಪ್ರಯಾಣ ಬೆಳೆಸಬೇಕು. ಸಂದರ್ಶಕರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡುವುದು ಅಗತ್ಯ.

1. ಅನುಮತಿಪತ್ರ ಪಡೆದು ಹಗಲಿನಲ್ಲಿ ಮಾತ್ರ ಕಣಿವೆಯನ್ನು ಪ್ರವೇಶಿಸಬೇಕು. ಒಳಗೆ ರಾತ್ರಿ ತಂಗುವಂತಿಲ್ಲ.

2. ಗುರುತಿಸಿದ ಕಾಲುದಾರಿಯನ್ನು ಬಿಟ್ಟು ನಡೆಯಬಾರದು. ಛಾಯಾಚಿತ್ರಕ್ಕಾಗಿ ಹೂಗಳ ನಡುವೆ ಕೂಡುವುದರಿಂದ ಒಂದು ವರ್ಷದ ಬೆಳವಣಿಗೆಯೇ ನಾಶವಾದೀತು.

3. ಹೂ, ಬೀಜ, ಬೇರು, ಕಲ್ಲು, ಅಸ್ಥಿ ಯಾವುದನ್ನೂ ನೆನಪಿಗೆಂದು ತರಬಾರದು. ದಾರಿಬದಿಯಲ್ಲಿ ಮಾರುವ ಬ್ರಹ್ಮಕಮಲವನ್ನು ಕೊಳ್ಳಬಾರದು.

4. ಸರೋವರದಲ್ಲಿ ಸಾಬೂನು ಬಳಸುವುದು, ಬಟ್ಟೆ ಒಗೆಯುವುದು, ಹೂವು, ಎಣ್ಣೆ, ನಾಣ್ಯಗಳನ್ನು ನೀರಿಗೆ ಹಾಕುವುದು ಸಲ್ಲದು.

5. ಒಯ್ದ ಪ್ರತಿಯೊಂದು ಪೊಟ್ಟಣವನ್ನೂ ಬಾಟಲಿಯನ್ನೂ ಮರಳಿ ಕೆಳಗೆ ತರಬೇಕು.

6. ಸ್ಥಳೀಯ ಮಾರ್ಗದರ್ಶಿಗಳ ನೆರವು ಪಡೆದು, ಅವರ ಸೂಚನೆಗಳನ್ನು ಗೌರವಿಸಬೇಕು.

ಉಪಸಂಹಾರ

ಹೂಕಣಿವೆಯ ಚೆಲುವನ್ನು ಕಣ್ಣಾರೆ ಕಾಣುವ ಅವಕಾಶ ಎಲ್ಲರಿಗೂ ದೊರೆಯದಿರಬಹುದು. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕುಟುಂಬಗಳೂ ಈ ಸಂರಕ್ಷಣೆಯಲ್ಲಿ ಪಾಲುಗೊಳ್ಳುವುದು ಸಾಧ್ಯ. ಗ್ರಂದಿಗೆ ಅಂಗಡಿಯಲ್ಲಿ ಜಟಾಮಾಂಸಿಯನ್ನು ಕೊಳ್ಳುವಾಗ ಅದು ಬೇಸಾಯದಿಂದ ಬಂದದ್ದೇ, ಕಾಡಿನಿಂದ ಕಿತ್ತದ್ದೇ ಎಂದು ವಿಚಾರಿಸಬಹುದು. ಯಾತ್ರೆಯಿಂದ ಬರುವ ಬಂಧುಗಳಿಗೆ ಹಿಮಾಲಯದ ಹೂವನ್ನು ತರಬೇಡಿರೆಂದು ಹೇಳಬಹುದು. ಪೂಜೆಗೆ ಮನೆಯ ಕುಂಡದಲ್ಲಿ ಅರಳಿದ ಹೂವೇ ಸಾಕು. ಬಂಡೆಗಳ ನಡುವಣ ಬ್ರಹ್ಮಕಮಲವು ಅಲ್ಲಿಯೇ ಬೀಜಕಟ್ಟಿ, ಗಾಳಿಗೆ ತೂರಿ, ಮುಂದಿನ ಆಷಾಢದಲ್ಲಿ ಮತ್ತೆ ಮೊಳೆಯಲಿ.